ನಾರ್ವೆಯ ತಣ್ಣೀರ ಹವಳ: ಬಲೆಯಿಂದ ಕ್ಯಾಮೆರಾವರೆಗೆ

ನಾರ್ವೆಯ ಕಡಲಿನಲ್ಲಿ, ಬೆಳಕು ತಲುಪದ ಆಳದಲ್ಲಿ ಹವಳ ಬೆಳೆಯುತ್ತದೆಂಬುದು ಅಲ್ಲಿನ ಮೀನುಗಾರರಿಗೆ ಹಳೆಯ ಸಂಗತಿ. ಗಾಳಕ್ಕೂ ಬಲೆಗೂ ಸಿಕ್ಕಿ ಅದರ ತುಂಡುಗಳು ಮೇಲೆ ಬರುತ್ತಿದ್ದವು. ಅಂಥ ಕಡೆ ಮೀನು ಹೆಚ್ಚೆಂಬುದನ್ನೂ ಅವರು ಬಲ್ಲರು. ಈ ಹವಳಕ್ಕೆ 1758ರಲ್ಲಿ ಜೀವವಿಜ್ಞಾನಿ ಲಿನ್ನೇಯಸ್ ಶಾಸ್ತ್ರೀಯ ಹೆಸರು ಕೊಟ್ಟ. ಲೋಫೀಲಿಯ ಎಂದು ಪ್ರಸಿದ್ಧವಾದದ್ದು ಇದೇ. 1768ರಲ್ಲಿ ಟ್ರೊಂಡ್‌ಹೈಮ್‌ನ ಬಿಷಪ್ ಗುನ್ನೆರುಸ್ ನಾರ್ವೆಯ ಹವಳಗಳನ್ನು ವರ್ಣಿಸಿದ. ಉಷ್ಣವಲಯದ ಹವಳಕ್ಕಿರುವಂತೆ ಇದರ ಮೈಯಲ್ಲಿ ಪಾಚಿಯಿಲ್ಲ. ಪ್ರವಾಹ ಹೊತ್ತು ತರುವ ಸಣ್ಣ ಜೀವಿಗಳೇ ಆಹಾರ. ಆದ್ದರಿಂದ ಬಿಸಿಲಿಲ್ಲದಿದ್ದರೂ ನಡೆಯುತ್ತದೆ, ಆದರೆ ಹರಿಯುವ ನೀರು ಬೇಕು.

ಮುಂದಿನ ಎರಡು ಶತಮಾನಗಳಲ್ಲಿ ಹವಳದ ನಡುವೆ ಬಾಳುವ ಜೀವಿಗಳ ಪಟ್ಟಿ ಬೆಳೆದದ್ದು ತಳವನ್ನು ಕೆರೆದು ತರುವ ಬಲೆಚೀಲಗಳಿಂದ. ತುಂಡುಗಳಲ್ಲಿ ಜೀವಿಗಳ ಹೆಸರು ಸಿಕ್ಕಿತು. ಯಾವುದು ಯಾವುದರ ಪಕ್ಕದಲ್ಲಿ ಬಾಳುತ್ತಿತ್ತು ಎಂಬುದು ಮಾತ್ರ ಎಳೆದಾಟದಲ್ಲಿ ಕಳೆದುಹೋಯಿತು.

ಆ ಕೊರತೆ ತುಂಬಿದ ಯಂತ್ರವನ್ನು ಕಡಲಿಗಿಳಿಸಿದ್ದು ಹವಳಕ್ಕಾಗಿ ಅಲ್ಲ, ತೈಲೋದ್ಯಮದ ಕೆಲಸಕ್ಕಾಗಿ. 1982ರಲ್ಲಿ ಸ್ಟಾಟೊಯಿಲ್ ಕಂಪನಿಯ ದೂರನಿಯಂತ್ರಿತ ವಾಹನವೊಂದು ಉತ್ತರ ನಾರ್ವೆಯ ತೀರದಾಚೆ ಹವಳದ ದಿಬ್ಬವನ್ನು ಚಿತ್ರೀಕರಿಸಿತು. ಇಂಥ ವಾಹನದಲ್ಲಿ ಮನುಷ್ಯರಿರುವುದಿಲ್ಲ. ಹಡಗಿನಿಂದ ಇಳಿದ ಕೇಬಲ್ಲಿನಲ್ಲಿ ವಿದ್ಯುತ್ತು ಕೆಳಗೆ ಹೋಗುತ್ತದೆ, ಚಿತ್ರ ಮೇಲೆ ಬರುತ್ತದೆ; ಚಾಲಕ ಪರದೆ ನೋಡುತ್ತ ನಡೆಸುತ್ತಾನೆ. ಮೊದಲು ಹಡಗಿನ ಸೋನಾರ್ ದಿಬ್ಬಗಳ ಜಾಡು ಹಿಡಿಯುತ್ತದೆ, ಆಮೇಲೆ ಕ್ಯಾಮೆರಾ ಇಳಿಯುತ್ತದೆ. ಗೊತ್ತಾದ ಅಂತರದ ಎರಡು ಲೇಸರ್ ಚುಕ್ಕೆಗಳು ಪ್ರಾಣಿಯ ಗಾತ್ರ ಅಳೆಯಲು ನೆರವಾಗುತ್ತವೆ. ಆದರೂ ಎಷ್ಟೋ ಸ್ಪಂಜುಗಳ ಜಾತಿ ಚಿತ್ರದಿಂದ ತಿಳಿಯುವುದಿಲ್ಲ. ಯಂತ್ರದ ಕೈಯಿಂದ ಚೂರು ಕಿತ್ತು ತಂದು ಸೂಕ್ಷ್ಮದರ್ಶಕದಡಿ ನೋಡಲೇಬೇಕು. ಹಳೆಯ ಸಂಗ್ರಹಕಾರರ ಕಸುಬು ಅಷ್ಟರಮಟ್ಟಿಗೆ ಉಳಿದಿದೆ.

1990ರ ದಶಕದ ಕೊನೆಗೆ ಕ್ಯಾಮೆರಾಗಳು ಅಹಿತವಾದದ್ದನ್ನೂ ತೋರಿಸಿದವು: ತಳದಲ್ಲಿ ಎಳೆಯುವ ಟ್ರಾಲ್ ಬಲೆಯ ಗೀರುಗಳು, ಪುಡಿಯಾಗಿ ಹರಡಿದ ಹವಳ. ನಾರ್ವೆಯ ಸಾಗರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಅಂದಾಜಿನಲ್ಲಿ ಶೇಕಡ 30ರಿಂದ 50ರಷ್ಟು ದಿಬ್ಬಗಳಿಗೆ ಹಾನಿಯಾಗಿತ್ತು. ವರ್ಷಕ್ಕೆ ಕೆಲವೇ ಮಿಲಿಮೀಟರಿನಿಂದ ಎರಡೂವರೆ ಸೆಂಟಿಮೀಟರಿನವರೆಗೆ ಬೆಳೆಯುವ ಜೀವಿಗೆ ಇದು ಸುಲಭದಲ್ಲಿ ತುಂಬುವ ನಷ್ಟವಲ್ಲ. ಬಲೆಗೆ ಸಿಕ್ಕ ತುಂಡುಗಳಿಂದ ಹುಟ್ಟದ ಕಾನೂನು ಈ ಚಿತ್ರಗಳ ಬೆನ್ನಿಗೇ ಬಂತು: 1999ರಲ್ಲಿ ಹವಳವನ್ನು ಬೇಕೆಂದೇ ಹಾಳುಮಾಡುವುದು ನಿಷಿದ್ಧವಾಯಿತು, ಸೂಲಾ ಎಂಬ ಹವಳದ ದಿಬ್ಬದ ಮೇಲೆ ಟ್ರಾಲಿಂಗ್ ನಿಂತಿತು.

2002ರಲ್ಲಿ ಲೋಫೋಟೆನ್ ದ್ವೀಪಗಳ ಬಳಿ, 300ರಿಂದ 400 ಮೀಟರ್ ಆಳದಲ್ಲಿ, ಸುಮಾರು 35 ಕಿಲೋಮೀಟರ್ ಉದ್ದದ ರೋಸ್ಟ್ ದಿಬ್ಬ ಪತ್ತೆಯಾಯಿತು. ಮರುವರ್ಷವೇ ಅಲ್ಲಿಯೂ ತಳದ ಟ್ರಾಲಿಂಗಿಗೆ ತಡೆ ಬಿತ್ತು. ಈಶಾನ್ಯ ಅಟ್ಲಾಂಟಿಕ್ಕಿನ ಲೋಫೀಲಿಯ ದಿಬ್ಬಗಳಿಂದ ಈವರೆಗೆ 1,300ಕ್ಕೂ ಹೆಚ್ಚು ಜಾತಿಗಳು ದಾಖಲಾಗಿವೆ. 2005ರಲ್ಲಿ ಆರಂಭವಾದ ಮರೇನೋ ಯೋಜನೆಯಡಿ ನಾರ್ವೆಯ ಕಡಲತಳದ ನಕ್ಷೆ ಮಾಡುವ ಕೆಲಸ ಮುಂದುವರಿದಿದೆ.