ಬಿರುದು, ವಿಧಿ, ನಿಯಮ: ಕ್ರೈಸ್ತ ಸೇವಕ-ನಾಯಕತ್ವದ ಇತಿಹಾಸದಲ್ಲಿ ಮೂರು ರೂಪಗಳು

ಸಭೆಯ ನಾಯಕ ಸಭೆಯ ಸೇವಕನಾಗಿರಬೇಕು ಎಂಬ ಮಾತನ್ನು ಕ್ರೈಸ್ತ ಇತಿಹಾಸದಲ್ಲಿ ಯಾರೂ ಅಲ್ಲಗಳೆದಿಲ್ಲ. ಚಕ್ರವರ್ತಿಗಳನ್ನು ಪದಚ್ಯುತಗೊಳಿಸಲು ಹೊರಟ ಪೋಪರೂ ಅದನ್ನೇ ಹೇಳಿದರು, ಮಠದ ಅಡುಗೆಮನೆಯಲ್ಲಿ ಸರದಿಯ ಮೇಲೆ ದುಡಿದ ಸನ್ಯಾಸಿಗಳೂ ಅದನ್ನೇ ಹೇಳಿದರು. ಆದ್ದರಿಂದ ಆ ಆದರ್ಶ ಏನೆಂದು ಕೇಳುವುದಕ್ಕಿಂತ, ಅದು ಸಂಸ್ಥೆಯೊಳಗೆ ಯಾವ ರೂಪ ತಳೆಯಿತು, ಆ ರೂಪ ಅಧಿಕಾರವನ್ನು ಎಷ್ಟರ ಮಟ್ಟಿಗೆ ಕಟ್ಟಿಹಾಕಿತು ಎಂದು ಕೇಳುವುದು ಹೆಚ್ಚು ಫಲಕಾರಿ. ಪಾಶ್ಚಾತ್ಯ ಸಭೆಯ ಇತಿಹಾಸದಲ್ಲಿ ಮೂರು ರೂಪಗಳು ಸ್ಪಷ್ಟವಾಗಿ ಕಾಣುತ್ತವೆ: ಬಿರುದು, ವಿಧಿ ಮತ್ತು ನಿಯಮ. ಮೊದಲೆರಡು ಎಂಥ ಅಧಿಕಾರದೊಂದಿಗೂ ನಿರಾತಂಕವಾಗಿ ಬಾಳಿದವು. ನಾಯಕನನ್ನು ನಿಜಕ್ಕೂ ಉತ್ತರದಾಯಿಯನ್ನಾಗಿ ಮಾಡಿದ್ದು ಮೂರನೆಯದು ಎಂಬುದು ಈ ಲೇಖನದ ವಾದ.

ಮೂಲ ಪಠ್ಯಗಳ ಹಿನ್ನೆಲೆ

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಈ ಬೋಧನೆ ಹುಟ್ಟುವುದೇ ಒಂದು ಪದವಿ ಜಗಳದಿಂದ. ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನ, ಯೇಸುವಿನ ಮಹಿಮೆಯಲ್ಲಿ ಎಡಬಲದ ಆಸನ ತಮಗೇ ಬೇಕೆಂದು ಕೇಳುತ್ತಾರೆ. ಉಳಿದ ಹತ್ತು ಮಂದಿ ಸಿಟ್ಟಾಗುತ್ತಾರೆ. ಅನ್ಯಜನಾಂಗಗಳ ಅಧಿಪತಿಗಳು ದೊರೆತನ ಮಾಡುವಂತೆ ನಿಮ್ಮಲ್ಲಿ ನಡೆಯಬಾರದು ಎಂಬರ್ಥದ ಉತ್ತರ ಆಗ ಬರುತ್ತದೆ. ಲೂಕನು ಇದೇ ಬಗೆಯ ವಿವಾದವನ್ನು ಕಡೆಯ ಭೋಜನದ ಪಂಕ್ತಿಯಲ್ಲಿ ಇರಿಸುತ್ತಾನೆ. ಯೋಹಾನನ 13ನೇ ಅಧ್ಯಾಯದಲ್ಲಿ ಗುರುವೇ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನೆ. ಅತಿಥಿಯ ಕಾಲು ತೊಳೆಯುವುದು ಆ ಕಾಲದ ಮನೆಗಳಲ್ಲಿ ದಾಸರ ಪಾಲಿನ ಕೆಲಸ. ಗೌರವವನ್ನೇ ಸಾರ್ವಜನಿಕ ಬದುಕಿನ ನಾಣ್ಯವಾಗಿಸಿಕೊಂಡಿದ್ದ ರೋಮನ್ ಸಮಾಜದಲ್ಲಿ ಇದು ಶಿಷ್ಯ ಪೇತ್ರನು ಪ್ರತಿಭಟಿಸುವಷ್ಟು ಅಸಹಜವಾಗಿತ್ತು.

ಆರಂಭದ ಸಭೆಗಳಲ್ಲಿ ಈ ಮಾತಿಗೆ ಸಾಮಾಜಿಕ ಆಧಾರವೂ ಇತ್ತು. ಸುಮಾರು 112ರಲ್ಲಿ ಬಿಥೂನಿಯ-ಪೊಂತ ಪ್ರಾಂತ್ಯದ ಅಧಿಪತಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಕ್ರೈಸ್ತರ ವಿಷಯ ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದನ್ನು ಹೇಳುತ್ತಾನೆ. ಅವರು ತಮ್ಮ ಸಭೆಯಲ್ಲಿ ಸೇವಕಿಯರೆಂಬ ಸ್ಥಾನ ಹೊಂದಿದ್ದರು. ಮನೆಯಲ್ಲಿ ದಾಸಿ, ಸಭೆಯಲ್ಲಿ ಹೊಣೆಗಾರ್ತಿ! 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರವೊಂದನ್ನು ಇತಿಹಾಸಕಾರ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಅದರ ಪ್ರಕಾರ ನಗರದ ಸಭೆಯಲ್ಲಿ 46 ಹಿರಿಯರು, 7 ಡೀಕನರು ಇದ್ದರು. ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಪೋಷಿಸುತ್ತಿತ್ತು. ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ ಬಿಷಪರಿಗೆ ನ್ಯಾಯತೀರ್ಮಾನದ ಅಧಿಕಾರವೂ ಸಿಕ್ಕಿತು. ಸೇವಕತ್ವ ಅಲ್ಲಿಯವರೆಗೆ ಅಂಚಿನ ಜನರ ಅನುಭವವಾಗಿತ್ತು. ಅಲ್ಲಿಂದ ಮುಂದೆ ಅದು ಅಧಿಕಾರಸ್ಥರ ನೈತಿಕ ಸಮಸ್ಯೆಯಾಯಿತು.

ಬಿರುದು

ಈ ಸಮಸ್ಯೆಯನ್ನು ಗಂಭೀರವಾಗಿ ಎದುರಿಸಿದವನು ಪೋಪ್ ಮೊದಲನೇ ಗ್ರೆಗರಿ (590–604). ಶ್ರೀಮಂತ ಮನೆತನದ ಈತ ರೋಮ್ ನಗರದ ಆಡಳಿತಾಧಿಕಾರಿಯಾಗಿದ್ದು, ಆಮೇಲೆ ಕೇಲಿಯನ್ ಗುಡ್ಡದ ಮೇಲಿದ್ದ ತನ್ನ ಮನೆಯನ್ನೇ ಮಠವಾಗಿಸಿ ಸನ್ಯಾಸಿಯಾದ. 590ರ ಪ್ಲೇಗಿನಲ್ಲಿ ಪೋಪ್ ಎರಡನೇ ಪೆಲಾಗಿಯಸ್ ತೀರಿಕೊಂಡಾಗ ಜನ ಇವನನ್ನು ಆರಿಸಿದರು. ಲೊಂಬಾರ್ಡರ ದಾಳಿ, ಹಸಿವು, ನಿರಾಶ್ರಿತರ ನಡುವೆ ಅವನ ಆಡಳಿತ ನಡೆಯಿತು. ಸಿಸಿಲಿಯ ಸಭಾ ಜಮೀನುಗಳ ಮೇಲ್ವಿಚಾರಕನಿಗೆ ಬರೆದ ಪತ್ರಗಳಲ್ಲಿ ರೈತರಿಂದ ಅನ್ಯಾಯದ ವಸೂಲಿ ಆಗಕೂಡದೆಂದು ವಿವರವಾಗಿ ತಾಕೀತು ಮಾಡಿದ್ದಾನೆ. ಪದವಿಗೇರಿದ ಹೊಸತರಲ್ಲಿ ಬರೆದ ‘ಪಾಲನಾ ನಿಯಮ’ ನಾಲ್ಕು ಭಾಗಗಳ ಕೃತಿ. ಹುದ್ದೆಗೆ ಬರುವ ಬಗೆ, ಹುದ್ದೆಯಲ್ಲಿ ಬಾಳುವ ಬಗೆ, ಬಗೆಬಗೆಯ ಜನರಿಗೆ ತಕ್ಕಂತೆ ಬೋಧಿಸುವ ಬಗೆ ಮೊದಲ ಮೂರು ಭಾಗಗಳಲ್ಲಿ ಬಂದರೆ, ನಾಯಕ ತನ್ನ ದೌರ್ಬಲ್ಯವನ್ನು ಮರೆಯದಿರುವ ಬಗೆಯೇ ಕೊನೆಯ ಭಾಗದ ವಿಷಯ. ಒಂಬತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿನ ದೊರೆ ಆಲ್ಫ್ರೆಡ್ ಅದನ್ನು ತನ್ನ ಜನರ ಭಾಷೆಗೆ ತಂದು ಬಿಷಪರಿಗೆ ಕಳಿಸಿದ.

‘ದೇವರ ಸೇವಕರ ಸೇವಕ’ ಎಂಬ ಬಿರುದು ಗ್ರೆಗರಿಯ ಹೆಸರಿನೊಂದಿಗೇ ಅಂಟಿಕೊಂಡಿದೆ. ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಉಪವಾಸಿ ಯೋಹಾನನು ‘ಸಾರ್ವತ್ರಿಕ’ ಎಂಬ ವಿಶೇಷಣ ಧರಿಸಿದ್ದನ್ನು ಗ್ರೆಗರಿ ಕಟುವಾಗಿ ವಿರೋಧಿಸಿದ್ದು ನಿಜ. ಆದರೆ ಅದಕ್ಕೆ ಉತ್ತರವಾಗಿ ಅವನೇ ಹೊಸದಾಗಿ ಸೃಷ್ಟಿಸಿದ ಬಿರುದು ಇದಲ್ಲ. ಐದನೇ ಶತಮಾನದ ಆಗಸ್ಟೀನ್ ತನ್ನ ಪತ್ರವೊಂದರಲ್ಲಿ ಬಹುತೇಕ ಇಂಥದೇ ಮಾತಿನಿಂದ ತನ್ನನ್ನು ಕರೆದುಕೊಂಡಿದ್ದಾನೆ. ಒಂಬತ್ತನೇ ಶತಮಾನದಿಂದ ಅದು ಪೋಪರ ಪತ್ರಗಳಲ್ಲಿ ವಾಡಿಕೆಯಾಯಿತು. ಹನ್ನೆರಡನೇ ಶತಮಾನದ ಹೊತ್ತಿಗೆ ಪೋಪರಿಗೇ ಮೀಸಲಾಯಿತು.

ಬಿರುದಿನ ಮಿತಿ ಪೋಪ್ ಏಳನೇ ಗ್ರೆಗರಿಯ ಕಾಲದಲ್ಲಿ ಬಯಲಾಗುತ್ತದೆ. 1075ರ ದಾಖಲೆಗಳ ನಡುವೆ ಸೇರಿರುವ ‘ಡಿಕ್ಟಾಟುಸ್ ಪಾಪೇ’ ಎಂಬ 27 ಸೂತ್ರಗಳ ಪಟ್ಟಿಯಲ್ಲಿ, ಪೋಪನು ಚಕ್ರವರ್ತಿಗಳನ್ನು ಪದಚ್ಯುತಗೊಳಿಸಬಲ್ಲನೆಂದೂ ಎಲ್ಲ ಅರಸರೂ ಅವನೊಬ್ಬನ ಪಾದಕ್ಕೆ ಮುತ್ತಿಡಬೇಕೆಂದೂ ಇದೆ. ಅದೇ ಪೋಪನ ಪತ್ರಗಳು ‘ದೇವರ ಸೇವಕರ ಸೇವಕ’ ಎಂದೇ ಆರಂಭವಾಗುತ್ತವೆ. ಇದನ್ನು ಬರೀ ಕಪಟವೆಂದು ತಳ್ಳಿಹಾಕುವಂತಿಲ್ಲ. ದೊರೆಗಳ ಹಿಡಿತದಿಂದ ಸಭೆಯನ್ನು ಬಿಡಿಸುವುದೇ ತನ್ನ ಸೇವೆಯೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಸೇವೆ ಯಾವುದೆಂದು ನಿರ್ಧರಿಸುವ ಹಕ್ಕು ಸೇವಕನಲ್ಲೇ ಉಳಿದಾಗ ಬಿರುದು ಯಾವ ಅಧಿಕಾರಕ್ಕೂ ಅಡ್ಡಿಯಾಗದು.

ವಿಧಿ

ಕಾಲು ತೊಳೆಯುವ ಕ್ರಿಯೆ ಎರಡನೆಯ ರೂಪ. 694ರ ಟೊಲೆಡೊ ಸಭಾ ಸಮ್ಮೇಳನ ಪವಿತ್ರ ಗುರುವಾರದಂದು ಈ ವಿಧಿಯನ್ನು ತಪ್ಪದೆ ನಡೆಸಬೇಕೆಂದು ತೀರ್ಮಾನಿಸಿತು. ಕ್ರಮೇಣ ದೊರೆಗಳೂ ಇದನ್ನು ಕೈಗೆತ್ತಿಕೊಂಡರು. ಇಂಗ್ಲೆಂಡಿನಲ್ಲಿ 1573ರ ಪವಿತ್ರ ಗುರುವಾರ ಗ್ರೀನಿಚ್ ಅರಮನೆಯಲ್ಲಿ ನಡೆದದ್ದಕ್ಕೆ ಸಮಕಾಲೀನ ವಿವರಣೆ ಉಳಿದಿದೆ. ಒಂದನೇ ಎಲಿಜಬೆತ್‌ಗೆ ಆಗ 39 ವರ್ಷ; ಅಷ್ಟೇ ಸಂಖ್ಯೆಯ ಬಡವರನ್ನು ಕೂರಿಸಲಾಗಿತ್ತು. ಮೊದಲು ಅರಮನೆಯ ಅಗಸಗಿತ್ತಿ, ಬಳಿಕ ದಾನವಿಭಾಗದ ಕಿರಿಯ ಮತ್ತು ಹಿರಿಯ ಅಧಿಕಾರಿಗಳು ಆ ಕಾಲುಗಳನ್ನು ತೊಳೆದ ನಂತರವೇ ರಾಣಿಯ ಸರದಿ ಬಂತು. ನಿಜವಾಗಿ ಕೊಳೆ ತೊಳೆದವಳು ಅಗಸಗಿತ್ತಿ. ವಿನಯದ ಕೀರ್ತಿ ರಾಣಿಗೆ. ಹದಿನೆಂಟನೇ ಶತಮಾನದಲ್ಲಿ ಅಲ್ಲಿ ತೊಳೆಯುವುದೂ ನಿಂತು, ದಾನ ಮಾತ್ರ ಉಳಿಯಿತು.

ಹಾಗೆಂದು ವಿಧಿಗೆ ಬಲವೇ ಇಲ್ಲವೆನ್ನಲಾಗದು. 1955ರಲ್ಲಿ ಪೋಪ್ ಹನ್ನೆರಡನೇ ಪಯಸ್ ಪವಿತ್ರ ವಾರದ ಆರಾಧನಾಕ್ರಮವನ್ನು ಪರಿಷ್ಕರಿಸಿದಾಗ ಈ ವಿಧಿ ಜನರ ಕಣ್ಣೆದುರಿನ ಬಲಿಪೂಜೆಯೊಳಗೆ ಬಂತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ಹನ್ನೆರಡು ಯುವಜನರ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಪುರುಷರಿಗೆ ಮೀಸಲಾಗಿದ್ದ ಆ ಸ್ಥಾನ 2016ರ ಆದೇಶದಿಂದ ಸ್ತ್ರೀಯರಿಗೂ ಅಧಿಕೃತವಾಗಿ ತೆರೆಯಿತು. ಇಲ್ಲಿ ಗಮನಿಸಬೇಕಾದದ್ದು ಕ್ರಮ: ಮೊದಲು ವಿಧಿ ಕದಲಿತು, ಆ ಕದಲಿಕೆ ಉಳಿದದ್ದು ನಿಯಮ ಬದಲಾದಾಗ.

ನಿಯಮ

ಆರನೇ ಶತಮಾನದ ಬೆನೆಡಿಕ್ಟನ ಮಠನಿಯಮ 73 ಅಧ್ಯಾಯಗಳದ್ದು. ಅದರ 35ನೇ ಅಧ್ಯಾಯ ಅಡುಗೆಮನೆಯ ಸರದಿಯನ್ನು ಗೊತ್ತುಪಡಿಸುತ್ತದೆ. ಕಾಯಿಲೆ ಅಥವಾ ಮಹತ್ವದ ಕೆಲಸದ ಕಾರಣವಿಲ್ಲದೆ ಯಾವ ಸಹೋದರನಿಗೂ ವಿನಾಯಿತಿ ಇಲ್ಲ. ಶನಿವಾರ ಸರದಿ ಮುಗಿಸುವವನು ಕೈಒರೆಸುವ ಬಟ್ಟೆಗಳನ್ನು ಒಗೆದು, ಮುಂದಿನವನೊಂದಿಗೆ ಸೇರಿ ಎಲ್ಲರ ಕಾಲು ತೊಳೆದು, ಪಾತ್ರೆಗಳನ್ನು ಶುಚಿಮಾಡಿ ಉಗ್ರಾಣದ ಹೊಣೆಗಾರನಿಗೆ ಒಪ್ಪಿಸಬೇಕು. ಸುವಾರ್ತೆಯ ಪ್ರಸಂಗ ಇಲ್ಲಿ ವಾರದ ಕೆಲಸದ ಪಟ್ಟಿಯೊಳಗೆ ಇಳಿದಿದೆ. ಮಠಾಧಿಪತಿಗೂ ಕಟ್ಟುಪಾಡುಗಳಿವೆ. ಅತಿಥಿಗಳ ಕೈಗೆ ನೀರು ಹಾಕುವುದು ಅವನ ಕೆಲಸ. ದೊಡ್ಡ ವಿಷಯಗಳಲ್ಲಿ ಕಿರಿಯರನ್ನೂ ಒಳಗೊಂಡ ಇಡೀ ಸಮುದಾಯದ ಸಲಹೆ ಕೇಳಬೇಕು. ಅಯೋಗ್ಯನನ್ನು ಮಠ ಆರಿಸಿಕೊಂಡರೆ ಆ ಧರ್ಮಪ್ರಾಂತ್ಯದ ಬಿಷಪನೂ ಸುತ್ತಲಿನ ಮಠಾಧಿಪತಿಗಳೂ ಭಕ್ತರೂ ಅದನ್ನು ತಡೆಯಬೇಕೆಂದು 64ನೇ ಅಧ್ಯಾಯ ಹೇಳುತ್ತದೆ. ಆದರೂ ಸಲಹೆ ಕೇಳಿದ ಮೇಲೆ ಕೊನೆಯ ಮಾತು ಮಠಾಧಿಪತಿಯದೇ.

ಆ ಕೊರತೆಯನ್ನು ತುಂಬಿದ್ದು ಅಸ್ಸಿಸಿಯ ಫ್ರಾನ್ಸಿಸನ ಪರಂಪರೆ. 1220ರಲ್ಲಿ ಆತ ತಾನೇ ಕಟ್ಟಿದ ಸಂಘದ ಮುಖ್ಯಸ್ಥಾನವನ್ನು ಬಿಟ್ಟುಕೊಟ್ಟ. 1223ರಲ್ಲಿ ಪೋಪರ ಒಪ್ಪಿಗೆ ಪಡೆದ ನಿಯಮದ ಪ್ರಕಾರ, ಸಾಮಾನ್ಯ ಸಹೋದರರು ತಮ್ಮ ಮೇಲಿನವರೊಂದಿಗೆ ಯಜಮಾನರು ಆಳಿನೊಂದಿಗೆ ಮಾತಾಡುವ ಸಲಿಗೆಯಲ್ಲಿ ಮಾತಾಡಲು ಸಾಧ್ಯವಿರಬೇಕು. ಸಂಘದ ಮುಖ್ಯಸ್ಥ ಸೇವೆಗೆ ತಕ್ಕವನಲ್ಲವೆಂದು ಪ್ರಾಂತ್ಯಗಳ ಹೊಣೆಗಾರರಿಗೆ ಕಂಡರೆ ಅವರು ಬೇರೊಬ್ಬನನ್ನು ಆರಿಸಲೇಬೇಕು. ಈ ಕಲಮು ಕಾಗದದ ಮೇಲೆಯೇ ಉಳಿಯಲಿಲ್ಲ. ಫ್ರಾನ್ಸಿಸನ ಆಪ್ತನೂ ಅಸ್ಸಿಸಿಯ ಬೃಹತ್ ಚರ್ಚನ್ನು ಕಟ್ಟಿಸಿದವನೂ ಆದ ಎಲಿಯಾಸ್ 1232ರಿಂದ ಮುಖ್ಯಸ್ಥನಾಗಿದ್ದ. ಮಹಾಸಭೆ ಕರೆಯದೆ ಏಕಾಧಿಪತ್ಯ ನಡೆಸುತ್ತಾನೆಂಬ ದೂರು ಬಲಿತಾಗ 1239ರಲ್ಲಿ ರೋಮಿನಲ್ಲಿ ಪೋಪ್ ಒಂಬತ್ತನೇ ಗ್ರೆಗರಿಯ ಸಮ್ಮುಖದಲ್ಲೇ ಅವನನ್ನು ಇಳಿಸಲಾಯಿತು. ಸೇವಕನೆಂದು ಕರೆಸಿಕೊಂಡವನನ್ನು ಅವನ ಸಂಘವೇ ಕೆಲಸದಿಂದ ಬಿಡಿಸಿದ ಅಪರೂಪದ ಪ್ರಸಂಗವಿದು.

ಯಾರ ಸೇವಕತ್ವ?

ಇಂದು ಬಳಕೆಯಲ್ಲಿರುವ ‘ಸೇವಕ ನಾಯಕತ್ವ’ ಎಂಬ ಪರಿಭಾಷೆ ನೇರವಾಗಿ ಚರ್ಚಿನಿಂದ ಬಂದದ್ದಲ್ಲ. ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿಯಲ್ಲಿ ದುಡಿದ ರಾಬರ್ಟ್ ಗ್ರೀನ್‌ಲೀಫ್ 1970ರ ಪ್ರಬಂಧದಲ್ಲಿ ಅದನ್ನು ಪ್ರಚಾರಕ್ಕೆ ತಂದರು. ತಮಗೆ ಪ್ರೇರಣೆ ಹರ್ಮನ್ ಹೆಸ್ಸೆಯ ಕಾದಂಬರಿಯ ಒಬ್ಬ ಆಳಿನ ಪಾತ್ರವೆಂದು ಹೇಳಿಕೊಂಡರು. ಆನಂತರ ಬಂದ ಕ್ರೈಸ್ತ ನಾಯಕತ್ವ ಕೈಪಿಡಿಗಳು ಆ ಚೌಕಟ್ಟಿಗೆ ಬೈಬಲ್ ವಚನಗಳನ್ನು ಜೋಡಿಸಿಕೊಂಡವು. ಹೀಗಾಗಿ ಅವುಗಳಲ್ಲಿ ಸೇವಕತ್ವ ಮೇಲಿರುವವನ ಗುಣವಾಗಿ ಉಳಿಯಿತೇ ಹೊರತು, ಕೆಳಗಿರುವವರ ಹಕ್ಕಿನ ಚರ್ಚೆಯಾಗಲಿಲ್ಲ.

ಆ ಚರ್ಚೆಯನ್ನು ತೀಕ್ಷ್ಣವಾಗಿ ಎತ್ತಿದ ಒಂದು ನೆಲೆ ಬೆಂಗಳೂರು. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣ ದಲಿತ ದೇವತಾಶಾಸ್ತ್ರದ ಆರಂಭಬಿಂದುಗಳಲ್ಲಿ ಒಂದು. ದೇವರು ಸೇವಕನೆಂದರೆ, ನಮ್ಮ ಸಮಾಜದಲ್ಲಿ ಮನೆಗೆಲಸದವರು, ಅಗಸರು, ಜಾಡಮಾಲಿಗಳಲ್ಲಿ ಆ ದೇವರನ್ನು ಗುರುತಿಸಲು ಸಿದ್ಧರಿದ್ದೇವೆಯೇ ಎಂಬುದು ಅವರ ಬರಹಗಳ ಮೊನಚು. ಜಾತಿಯಿಂದಲೇ ಸೇವೆಗೆ ತಳ್ಳಲ್ಪಟ್ಟವರಿಗೆ ವಿನಯ ಬೋಧಿಸುವುದಕ್ಕೂ ಆಸನದಲ್ಲಿರುವವನಿಗೆ ಅದನ್ನು ಬೋಧಿಸುವುದಕ್ಕೂ ಅಜಗಜಾಂತರವಿದೆ. ಜೆಬೆದಾಯನ ಮಕ್ಕಳಿಗೆ ಸಿಕ್ಕ ಉತ್ತರ ಎರಡನೆಯ ಬಗೆಯದು. ಅದು ಆಸನ ಬಯಸಿದವರಿಗೆ ಹೇಳಿದ ಮಾತು.

ಸಮಾರೋಪ

ಮೂರು ರೂಪಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾನದಂಡ ಸಿಗುತ್ತದೆ. ಬಿರುದು ನಾಯಕ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು. ವಿಧಿ ವರ್ಷಕ್ಕೊಮ್ಮೆ ಅವನು ಮಾಡಿ ತೋರಿಸುವ ಕ್ರಿಯೆ. ನಿಯಮ ಅವನಿಂದ ಲೆಕ್ಕ ಕೇಳಲು ಇತರರಿಗೆ ಸಿಗುವ ಅಧಿಕಾರ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ ಬಿಷಪರು, ಪಾಲಕರು ಮತ್ತು ಸಾಮಾನ್ಯ ಸದಸ್ಯರು ಒಟ್ಟಿಗೆ ಕೂರುವ ಸಿನೋಡನ್ನೂ ನಿಗದಿತ ಅವಧಿಗೆ ಚುನಾಯಿತನಾಗುವ ಮುಖ್ಯಸ್ಥನನ್ನೂ ತನ್ನ ಸಂವಿಧಾನದಲ್ಲಿ ಇರಿಸಿಕೊಂಡಿದ್ದು ಈ ಮೂರನೆಯ ಸಾಲಿಗೇ ಸೇರುತ್ತದೆ. ಕರ್ನಾಟಕದ ಮೂರು ಧರ್ಮಪ್ರಾಂತ್ಯಗಳೂ ಅದರೊಳಗಿವೆ. ಅಲ್ಲಿಯ ಸೇವಕ-ನಾಯಕತ್ವವನ್ನು ಅಳೆಯಬೇಕಾದ ಸಂಶೋಧಕ ಪವಿತ್ರ ಗುರುವಾರದ ಛಾಯಾಚಿತ್ರಗಳಿಗಿಂತ ಮೊದಲು ಸಿನೋಡಿನ ನಡಾವಳಿ, ಆಸ್ತಿಯ ಲೆಕ್ಕಪತ್ರ ಮತ್ತು ಚುನಾವಣಾ ದಾಖಲೆಗಳನ್ನು ತೆರೆಯಬೇಕು.