ತಂತ್ರಾಂಶದ ಪೊಟ್ಟಣಕ್ಕೆ ಚಿಕೋರಿ ಬೆರಸಬಹುದೇ?

ಲಿನಕ್ಸ್ ಆಧಾರಿತ ಗಣಕಗಳಲ್ಲಿ ತಂತ್ರಾಂಶವನ್ನು ಬರೆದವರಿಗೂ ಬಳಸುವವರಿಗೂ ನಡುವೆ ಮೂರನೆಯವರೊಬ್ಬರಿದ್ದಾರೆ. ಅವರೇ ಪ್ಯಾಕೇಜ್ ಕಟ್ಟುವವರು. ಡೆಬಿಯನ್, ಫೆಡೋರಾ, ಉಬುಂಟು, ನಮ್ಮದೇ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧರಿಸಿ ರೂಪಿಸಿದ 'ಬಾಸ್' ಮುಂತಾದ ವಿತರಣೆಗಳ ಪರವಾಗಿ ಇವರು ಮೂಲ ಕರ್ತೃಗಳ ಆಕರ ಸಂಕೇತವನ್ನು ಪಡೆದು, ತಮ್ಮ ವ್ಯವಸ್ಥೆಗೆ ಹೊಂದಿಸಿ ಬಳಕೆದಾರರಿಗೆ ತಲುಪಿಸುತ್ತಾರೆ. ಮುಕ್ತ ತಂತ್ರಾಂಶದ ಪರವಾನಗಿ ಅವರಿಗೆ ಮಾರ್ಪಾಡಿನ ಸ್ವಾತಂತ್ರ್ಯವನ್ನೂ ನೀಡಿದೆ. ಆದುದರಿಂದ ಇಲ್ಲಿನ ಪ್ರಶ್ನೆ ಹಕ್ಕಿನದಲ್ಲ, ಔಚಿತ್ಯದ್ದು.

ಯಸಳೂರು ಹೋಬಳಿಯ ಕಾಫಿ ಬೆಳೆಗಾರರಿಗೆ ಈ ಪ್ರಶ್ನೆ ಹೊಸದೆನಿಸದು. ತೋಟದ ಬೀಜ ಹುರಿದು ಪುಡಿ ಮಾಡುವವರ ಕೈ ಸೇರಿದ ಮೇಲೆ ಚಿಕೋರಿ ಬೆರೆಯುತ್ತದೆ. ಕಾನೂನು ಅದನ್ನು ನಿಷೇಧಿಸಿಲ್ಲ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂದಷ್ಟೇ ಹೇಳುತ್ತದೆ. ತಂತ್ರಾಂಶಕ್ಕೆ ಅಂಥ ಕಡ್ಡಾಯ ಚೀಟಿಯಿಲ್ಲ. ಪ್ಯಾಕೇಜ್ ಕಟ್ಟುವವರು ಸೇರಿಸಿದ ಸೌಲಭ್ಯ ಕೆಟ್ಟರೆ ದೂರು ಹೋಗುವುದು ಬಹುಪಾಲು ಮೂಲ ಕರ್ತೃವಿಗೆ. ಮಾರ್ಪಡಿಸಿದ ಫೈರ್‌ಫಾಕ್ಸ್‌ಗೆ ಅದೇ ಹೆಸರನ್ನು ಬಳಸುವ ವಿಚಾರದಲ್ಲಿ ಮೊಝಿಲ್ಲಾ ಮತ್ತು ಡೆಬಿಯನ್ ನಡುವೆ 2006ರಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಡೆಬಿಯನ್ ಅದನ್ನು 'ಐಸ್‌ವೀಸಲ್' ಎಂದು ಕರೆಯಿತು. ಹಳೆಯ ಹೆಸರು ಮರಳಿದ್ದು 2016ರಲ್ಲಿ.

ಹೆಸರಿನ ಜಗಳಕ್ಕಿಂತ ಗಂಭೀರವಾದುದು ಓಪನ್‌ಎಸ್‌ಎಸ್‌ಎಲ್ ಪ್ರಕರಣ. ಪರೀಕ್ಷಾ ಸಾಧನವೊಂದು ನೀಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸಲೆಂದು 2006ರಲ್ಲಿ ಡೆಬಿಯನ್ ಪ್ಯಾಕೇಜಿನಲ್ಲಿ ಕೆಲವು ಸಾಲುಗಳನ್ನು ತೆಗೆಯಲಾಯಿತು. ಮೂಲ ತಂಡದ ಚರ್ಚೆಯಲ್ಲಿ ಕೇಳಿದ್ದು ನಿಜವಾದರೂ ಮಾರ್ಪಾಡು ಮೂಲಕ್ಕೆ ಸೇರಲಿಲ್ಲ, ಡೆಬಿಯನ್‌ನಲ್ಲಿಯೇ ಉಳಿಯಿತು. ಪರಿಣಾಮವಾಗಿ ರಹಸ್ಯ ಕೀಲಿಗಳ ಯಾದೃಚ್ಛಿಕತೆ ಬಹುತೇಕ ನಾಶವಾಗಿ, ಒಂದು ಬಗೆಯ ಯಂತ್ರದಲ್ಲಿ ಒಂದು ಬಗೆಯ, ಒಂದು ಅಳತೆಯ ಕೀಲಿಗೆ ಸುಮಾರು 32,000 ಸಾಧ್ಯತೆಗಳಷ್ಟೇ ಉಳಿದವು. ಇದು ಬಹಿರಂಗವಾದುದು 2008ರ ಮೇ 13ರಂದು! ಉಬುಂಟು ಬಳಕೆದಾರರೂ ಕೀಲಿಗಳನ್ನು ಬದಲಿಸಬೇಕಾಯಿತು.

ಮೂಲವೇ ಸದಾ ಶುದ್ಧವೆಂದು ಭಾವಿಸುವಂತಿಲ್ಲ. 2024ರ ಮಾರ್ಚ್‌ನಲ್ಲಿ ಪತ್ತೆಯಾದ ಕಳ್ಳಬಾಗಿಲು ಅಡಗಿದ್ದುದು 'ಎಕ್ಸ್‌ಝಡ್' ತಂತ್ರಾಂಶದ ಮೂಲ ಬಿಡುಗಡೆಯಲ್ಲಿ. ಆದರೆ ಅದಕ್ಕೆ ಓಪನ್‌ಎಸ್‌ಎಸ್‌ಎಚ್‌ವರೆಗೆ ದಾರಿ ದೊರೆತದ್ದು ಕೆಲವು ವಿತರಣೆಗಳು ಸಿಸ್ಟಮ್‌ಡಿ ಜೊತೆ ಹೊಂದಿಸಲು ತಾವೇ ಮಾಡಿಕೊಂಡಿದ್ದ ಜೋಡಣೆಯಿಂದ. ಅದೇ ವರ್ಷ ಓಪನ್‌ಎಸ್‌ಎಸ್‌ಎಚ್ ತಂಡವು ಆ ಸೌಲಭ್ಯವನ್ನು ಯಾವ ಹೊರಗಿನ ಕೋಶದ ಹಂಗೂ ಇಲ್ಲದೆ ತಾನೇ ಅಳವಡಿಸಿತು.

ಕನ್ನಡಿಗರಿಗೆ ಈ ವಿಷಯ ಹತ್ತಿರವಾಗುವುದು ಕೀಲಿಮಣೆಯ ಮೂಲಕ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, 'ನುಡಿ' ಬಳಕೆದಾರರಿಗೆ ಚಿರಪರಿಚಿತವಾದ ಕಗಪ ವಿನ್ಯಾಸವು ಯಾವುದೋ ಒಂದು ವಿತರಣೆಯ ಖಾಸಗಿ ಸೇರ್ಪಡೆಯಾಗಿ ಉಳಿಯಲಿಲ್ಲ. ಎಲ್ಲ ಲಿನಕ್ಸ್ ವಿತರಣೆಗಳೂ ಆಶ್ರಯಿಸುವ ಎಕ್ಸ್‌ಕೆಬಿ ದತ್ತಾಂಶದ ಮೂಲದಲ್ಲಿಯೇ ಸೇರಿತು. ಆದುದರಿಂದ ವಿತರಣೆ ಬದಲಿಸಿದರೂ ಕೀಲಿಮಣೆ ಕೈಬಿಡುವುದಿಲ್ಲ. ಅಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳಿಗೂ ಕಗಪ ಹೆಸರಿನ ವಿನ್ಯಾಸಗಳಿವೆ ಎಂಬುದು ಅನೇಕರಿಗೆ ತಿಳಿದಿರಲಾರದು. ಅನುವಾದದ ಕಥೆ ಇಷ್ಟು ಸುಖಕರವಲ್ಲ. ಉಬುಂಟುವಿನ ಲಾಂಚ್‌ಪ್ಯಾಡ್ ತಾಣದಲ್ಲಿ ಮಾಡಿದ ಅನುವಾದಗಳು ತಾವಾಗಿಯೇ ಗ್ನೋಮ್ ಮೂಲ ಯೋಜನೆಗೆ ತಲುಪುತ್ತಿರಲಿಲ್ಲ, ಯಾರಾದರೂ ಒಯ್ದು ಒಪ್ಪಿಸಬೇಕಿತ್ತು. ಅನುವಾದಕರು ಬೆರಳೆಣಿಕೆಯಷ್ಟಿರುವ ಭಾಷೆಗೆ ಒಂದೇ ಕೆಲಸವನ್ನು ಎರಡೆರಡು ಬಾರಿ ಮಾಡುವುದು ದುಬಾರಿಯೇ ಸರಿ.

ಹಾಗೆಂದು ಪ್ಯಾಕೇಜ್ ಕಟ್ಟುವವರ ಕೈಕಟ್ಟುವುದೂ ಸಲ್ಲದು. ಮೂಲ ಕರ್ತೃಗಳು ಹೊಸ ಆವೃತ್ತಿಯತ್ತ ಸಾಗಿದ ಬಳಿಕ ಹಳೆಯದಕ್ಕೆ ಸುರಕ್ಷತಾ ತಿದ್ದುಪಡಿಗಳನ್ನು ಒದಗಿಸುತ್ತಿರುವವರು ಅವರೇ. ದೋಷ ತಿದ್ದುವುದು ಬೇರೆ, ಹೊಸ ಸೌಲಭ್ಯ ಹುಟ್ಟಿಸುವುದು ಬೇರೆ. ಎರಡನೆಯದನ್ನು ಮೊದಲು ಮೂಲ ತಂಡಕ್ಕೆ ಕಳುಹಿಸುವುದೇ ಲೇಸೆಂದು ತೋರುತ್ತದೆ. ಕುತೂಹಲವುಳ್ಳವರು ಡೆಬಿಯನ್‌ನ ಆಕರ ಪ್ಯಾಕೇಜನ್ನು ತೆರೆದು ನೋಡಬಹುದು: ಸ್ಥಳೀಯ ಮಾರ್ಪಾಡುಗಳನ್ನು ಸಾಮಾನ್ಯವಾಗಿ 'ಪ್ಯಾಚಸ್' ಎಂಬ ಕಡತಕೋಶದಲ್ಲಿ ಪ್ರತ್ಯೇಕವಾಗಿ ಇರಿಸಲಾಗಿರುತ್ತದೆ.