ಇನಾಮು ಆಯೋಗ ಮತ್ತು ದತ್ತಿಭೂಮಿಯ ವ್ಯಾಜ್ಯ

ಕನ್ನಡ ನಾಡಿನ ದಾನಶಾಸನಗಳು ಸಾಮಾನ್ಯವಾಗಿ ಶಾಪಾಶಯದೊಂದಿಗೆ ಮುಗಿಯುತ್ತವೆ. ದತ್ತಿಯ ಭೂಮಿಯನ್ನು ಅಪಹರಿಸಿದವನಿಗೆ ಮಹಾಪಾತಕ ತಪ್ಪದೆಂಬ ಈ ಎಚ್ಚರಿಕೆ ಮುಂದೆ ಬರುವ ಅರಸರನ್ನೂ ಕುರಿತದ್ದು. ಕೊಟ್ಟವನ ವಂಶ ಅಳಿದರೂ ಕೊಟ್ಟ ಭೂಮಿ ಆಚಂದ್ರಾರ್ಕವಾಗಿ ಉಳಿಯಬೇಕೆಂಬುದು ಅದರ ಇಂಗಿತ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಂಬಿಕೆಗೆ ತೀವ್ರ ಪರೀಕ್ಷೆ ಎದುರಾಯಿತು.

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡು ಧಾರವಾಡ, ಬೆಳಗಾವಿ ಸೀಮೆಗಳು ಕಂಪನಿ ಸರ್ಕಾರದ ವಶವಾದವು. ಹಿಂದಿನ ಅರಸರು, ಸರದಾರರು ಕೊಟ್ಟ ಇನಾಮು ಭೂಮಿಗಳು ಅಲ್ಲಿ ಹೇರಳವಾಗಿದ್ದವು. ಅವುಗಳಿಂದ ಪೂರ್ಣ ಕಂದಾಯ ಬಾರದಿದ್ದುದು ಹೊಸ ಸರ್ಕಾರದ ಕಣ್ಣಿಗೆ ನಷ್ಟವಾಗಿ ಕಂಡಿತು. ಪ್ರತಿಯೊಂದು ಹಕ್ಕನ್ನೂ ಶೋಧಿಸಲು ಹೊರಟ ಇನಾಮು ಆಯೋಗಕ್ಕೆ 1852ರ ಹನ್ನೊಂದನೆಯ ಕಾಯಿದೆ ಶಾಸನಬಲ ನೀಡಿತು.

ಆಯೋಗದ ಮುಂದೆ ನಿಂತ ಭೂಮಾಲೀಕನ ಸಂಕಟ ವಿಚಿತ್ರವಾದುದು. ತಲೆಮಾರುಗಳಿಂದ ಉಳುತ್ತ, ಉಣ್ಣುತ್ತ ಬಂದಿದ್ದರೂ ಅವನು ಸನದನ್ನು ತೋರಿಸಬೇಕಿತ್ತು. ಗೆದ್ದಲು ತಿಂದ ಓಲೆಗೂ ಅಳಿದುಹೋದ ಅರಸನ ಬಾಯಿಮಾತಿಗೂ ಅಲ್ಲಿ ಬೆಲೆಯಿರಲಿಲ್ಲ. ಅವನ ಮಾತನ್ನು ಪುಣೆಯ ಪೇಶ್ವೆ ದಫ್ತರದ ಲೆಕ್ಕಗಳೊಡನೆ ತಾಳೆ ನೋಡಲಾಗುತ್ತಿತ್ತು. ಭೂಮಿಯನ್ನು ಬಯಸಿದ ಸರ್ಕಾರವೇ ನ್ಯಾಯವನ್ನೂ ಹೇಳುತ್ತಿದ್ದುದರಿಂದ ಸಿವಿಲ್ ನ್ಯಾಯಾಲಯದ ಬಾಗಿಲು ಅವನಿಗೆ ಮುಚ್ಚಿತ್ತು. ದೇವಾಲಯಗಳ ಶಾಶ್ವತ ದತ್ತಿಗಳಿಗೆ ಬೇರೆ ನಿಯಮವಿದ್ದರೂ ವ್ಯಕ್ತಿಗಳಿಗೆ ದೊರೆತ ಇನಾಮುಗಳಿಗೆ ಆ ರಕ್ಷಣೆಯಿರಲಿಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಸುಮಾರು 35,000 ಹಿಡುವಳಿಗಳು ವಿಚಾರಣೆಗೆ ಒಳಗಾಗಿ, ಸುಮಾರು 20,000 ಮುಟ್ಟುಗೋಲಾದವೆಂದು ಇತಿಹಾಸಕಾರರು ಹೇಳುತ್ತಾರೆ.

ಈ ಅಸಮಾಧಾನದ ನೆಲದಲ್ಲಿಯೇ 1858ರ ನರಗುಂದದ ಬಂಡಾಯ ಹೊತ್ತಿತು. ದತ್ತು ಸ್ವೀಕಾರಕ್ಕೆ ಅನುಮತಿ ದೊರೆಯದೆ ನೊಂದಿದ್ದ ಬಾಬಾಸಾಹೇಬನ ಪಡೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದಿತು. ಮ್ಯಾನ್ಸನ್ ಹಿಂದೆ ಇನಾಮು ಆಯೋಗದ ಅಧಿಕಾರಿಯಾಗಿದ್ದವನು. ಬಾಬಾಸಾಹೇಬನನ್ನು ಅದೇ ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಸರ್ಕಾರವೂ ಪಾಠ ಕಲಿಯದೆ ಇರಲಿಲ್ಲ. 1863ರ ಕಾಯಿದೆಯಂತೆ, ವರ್ಷವರ್ಷವೂ ಗೊತ್ತುಪಡಿಸಿದ ಹಣವನ್ನು ತೆರಲು ಒಪ್ಪಿದ ಇನಾಮುದಾರನ ಹಕ್ಕನ್ನು ಹೆಚ್ಚಿನ ಶೋಧನೆಯಿಲ್ಲದೆ ಮಾನ್ಯ ಮಾಡಲಾಯಿತು. ವ್ಯಾಜ್ಯ ಶಮನವಾಯಿತು, ಭೂಮಿಯೂ ಉಳಿಯಿತು. ಆದರೆ ಹಿರಿಯರು ಧಾರೆಯೆರೆಸಿಕೊಂಡು ಪಡೆದುದನ್ನು ಮೊಮ್ಮಕ್ಕಳು ಹಣ ತೆತ್ತು ಉಳಿಸಿಕೊಳ್ಳಬೇಕಾಯಿತು. ಶಾಪಾಶಯವನ್ನು ಬರೆಸಿದವರು ಅಪಹರಣವನ್ನು ಊಹಿಸಿದ್ದರು; ದಾನವೇ ಕ್ರಯವಾಗುವುದನ್ನು ಊಹಿಸಿರಲಿಲ್ಲ.